ಗಾಳಿ ನಿಂತರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ

ಡೋಣಿ, ಕಪ್ಪತಗುಡ್ಡದ ಅಡಿ
ಶಕೆ ೨೦೯೮, ಹದಿಮೂರನೆಯ ತಿಂಗಳು, ಮೂವತ್ತನಾಲ್ಕನೆಯ ತಾರೀಕು

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ,

ತಾರೀಕು ನೋಡಿ, ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮಗೆ ಹದಿಮೂರು ತಿಂಗಳು. ಬೇಸಿಗೆಯ ನಡುವೆ ಐದು ವಾರ ಹೊರಗೆ ಕಾಲಿಟ್ಟರೆ ಚರ್ಮ ಸುಲಿಯುತ್ತದೆ. ಕೆಲವರನ್ನು ಬಿಟ್ಟರೆ ಅಷ್ಟು ದಿನ ಯಾರೂ ದುಡಿಯುವುದಿಲ್ಲ, ಯಾವ ಲೆಕ್ಕಕ್ಕೂ ಅದು ಬರುವುದಿಲ್ಲ. ಪಂಚಾಂಗದವರು ಬೇಸತ್ತು ಅದನ್ನು ಬೇರೆಯೇ ತೆಗೆದು ಒಳತಿಂಗಳು ಎಂದು ಹೆಸರಿಟ್ಟರು. ಈ ಕಾಗದದಲ್ಲಿ ಇಂಥ ಇನ್ನೂ ನಾಲ್ಕಾರು ವಿಚಿತ್ರ ಪದಗಳಿವೆ, ಮನ್ನಿಸಿ. ಒಂದೊಂದನ್ನೂ ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಉಳಿದ ಪದಗಳೆಲ್ಲ ನಿಮ್ಮವೇ: ಮಾರ್ಜಿನ್, ಷೇರು, ಮ್ಯೂಚುವಲ್ ಫಂಡ್, ಚಕ್ರಬಡ್ಡಿ. ಅವನ್ನು ನಮ್ಮ ತಲೆಗೆ ಕಟ್ಟಿ ಹೋದವರು ನೀವು. ಅವುಗಳ ಅರ್ಥ ನಿಮಗಾದರೂ ಗೊತ್ತಿತ್ತೇ ಎಂಬುದು ನನ್ನ ಅನುಮಾನ. ನಮಸ್ಕಾರ ಬರೆಯಲು ಮನಸ್ಸು ಬರುತ್ತಿಲ್ಲ, ಅದಕ್ಕೂ ಕ್ಷಮೆ ಇರಲಿ.

ನಾನು ನಿಂಬೆವ್ವ ಪತ್ತಾರ. ಡೋಣಿಯ ತಿಳಿಮನೆಯಲ್ಲಿ ಹದಿನಾಲ್ಕು ವರ್ಷ ಕೇಳುಗಿತ್ತಿಯಾಗಿದ್ದೆ, ಕೊನೆಗೆ ಹಿರಿಯ ಕೇಳುಗಿತ್ತಿ. ನಮ್ಮ ಕಾಲದಲ್ಲಿ ದುಡ್ಡಿನ ಯಾವ ಕರಾರಿಗೂ ಸಹಿ ಇಲ್ಲ, ಹೆಬ್ಬೆಟ್ಟಿಲ್ಲ, ಬೆರಳಿಂದ ಒತ್ತುವ ಗುಂಡಿ ಇಲ್ಲ. ದುಡ್ಡು ಕೊಡುವವರು ತಿಳಿಮನೆಗೆ ಬಂದು ಮೂವರು ಕೇಳುಗರ ಎದುರು ಕೂತು, ತಾವು ಎಲ್ಲಿ ಏನನ್ನು ಹಾಕುತ್ತಿದ್ದೇವೆ, ಹಾಕಿದ್ದು ಹೇಗೆ ಬೆಳೆಯುತ್ತದೆ, ಹೇಗೆ ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಬಾಯೊಪ್ಪಿಗೆ ಎನ್ನುತ್ತೇವೆ. ಹೇಳಿದ್ದು ಸರಿ ಎನಿಸಿದರೆ ಹಿರಿಯ ಕೇಳುಗಿತ್ತಿ ಮುದ್ರೆ ಒತ್ತುತ್ತಾಳೆ. ಒತ್ತಿದ ಮೇಲೆ ಆ ಕರಾರನ್ನು ಯಾರೂ ಮುರಿಯುವಂತಿಲ್ಲ. ತಿಳಿಯದವರ ಬಾಯೊಪ್ಪಿಗೆಗೆ ಮುದ್ರೆ ಒತ್ತಿದ ಕೇಳುಗಿತ್ತಿಗೆ ಒಂದೇ ಶಿಕ್ಷೆ. ಈ ತಪ್ಪು ಯಾರಿಂದ ಬಂತೋ ಆ ಹಿರಿಯರಿಗೆ ಕಾಗದ ಬರೆಯಬೇಕು, ಅದನ್ನು ದುಡ್ಡು ಕಳೆದುಕೊಂಡವರ ಮುಂದೆ ಓದಬೇಕು, ಅವರು ಹೂಂ ಅಂದ ಮೇಲೆ ತಿಳಿಮನೆಯ ಕಲ್ಲುಪೆಟ್ಟಿಗೆಗೆ ಹಾಕಬೇಕು. ನಿಮಗೆ ತಲುಪುವುದಿಲ್ಲ ಎಂದು ಗೊತ್ತು. ಆದರೂ ಬರೆಯಬೇಕು.

ನಮ್ಮ ಪದ್ಧತಿ ಕೆಟ್ಟದ್ದೆಂದು ಮಾತ್ರ ತಿಳಿಯಬೇಡಿ. ಆ ಮನೆಯಲ್ಲಿ ಕೂತು ನಾನು ಕೇಳಿದ ಮಾತುಗಳಿಗೆ ಬೆಲೆ ಕಟ್ಟಲಾಗದು. ಕುರಿಹಾಲು ಮಾರುವ ಯಮನವ್ವ ಚಕ್ರಬಡ್ಡಿಯನ್ನು ಹೀಗೆ ಹೇಳಿದ್ದಳು: "ಬಡ್ಡಿ ಮರಿ ಹಾಕತೈತ್ರಿ. ಮರೀನೂ ಮರಿ ಹಾಕತೈತಿ. ನಡುವ ಹಬ್ಬ ಬಂತಂತ ಮರಿ ಕೊಯ್ಕೊಂಡು ತಿಂದ್ರ ಹಿಂಡು ಆಗಂಗಿಲ್ಲ, ಅಷ್ಟ." ಮ್ಯೂಚುವಲ್ ಫಂಡಿಗೆ ಬಂದ ಗೌಂಡಿಯೊಬ್ಬ ತಲೆ ಕೆರೆದುಕೊಂಡು, ಎರಡು ಸಲ ತಡವರಿಸಿ, "ನೂರು ಮನ್ಯಾವ್ರು ಕೂಡಿ ಒಂದ ಹಂಡೇದಾಗ ಅಡಗಿ ಮಾಡಿಸಿದಂಗ್ರಿ. ಎಲ್ಲಾ ಥರದ ಕಾಯಿಪಲ್ಲೆ ಬೀಳತೈತಿ, ಒಂದು ಕೊಳತ್ರೂ ಇನ್ನೊಂದು ನಡೀತೈತಿ. ಅಡಗಿ ಮಾಡಾಂವಗ ಪಗಾರ ಕೊಡಬೇಕು. ಅಡಗಿ ಸೀದ್ರೂ ಅವನ ಪಗಾರ ಸೀಯಂಗಿಲ್ಲ" ಎಂದಾಗ ನಾವು ಮೂವರೂ ನಕ್ಕು ನಕ್ಕು ಒಪ್ಪಿದ್ದೆವು. ಹಣದುಬ್ಬರ ಅಂದರೇನು ಎಂದು ಕೇಳಿದ್ದಕ್ಕೆ ಒಬ್ಬ ಮುದುಕಿ ತನ್ನ ಬುತ್ತಿ ಬಿಚ್ಚಿ, ಹೋದ ವರ್ಷ ಅದೇ ದುಡ್ಡಿಗೆ ಮೂರು ರೊಟ್ಟಿ ಇದ್ದವು, ಈಗ ಎರಡು, ನಾನು ಗಂಟು ಬಿಚ್ಚೇ ಇಲ್ಲ ಆದರೂ ಒಂದು ರೊಟ್ಟಿ ಹೋಯಿತು ಎಂದು ತೋರಿಸಿದ್ದಳು. ಇವರೆಲ್ಲರೂ ತಡವರಿಸಿದರು. ತಡವರಿಸುವುದೇ ತಿಳಿದದ್ದಕ್ಕೆ ಗುರುತು ಎಂದು ನಮಗೆ ಕಲಿಸಿದ್ದರು. ಯಾರಾದರೂ ತಡವರಿಸದೆ ಹೇಳಿದರೆ ಮರುಕೇಳು ಹಾಕಬೇಕು, ಅಂದರೆ ಪಾಠದಲ್ಲಿ ಇಲ್ಲದ, ಅವರ ದಿನದ ಬದುಕಿನಿಂದ ತೆಗೆದ ಒಂದು ಪ್ರಶ್ನೆ ಕೇಳಬೇಕು. ಅದೊಂದೇ ನಮ್ಮ ಕೆಲಸ.

ಕೇಳುಗಿತ್ತಿಯಾಗುವವರು ಮೊದಲು ಮೂರು ತಿಂಗಳು ನಿಮ್ಮ ಕಾಲದ ಫೋನುಗಳನ್ನು ಓದಬೇಕು. ನಾನೂ ಓದಿದೆ. ಹೇಸಿಗೆ ಎಂದರೆ ಏನೆಂದು ನನಗೆ ತಿಳಿದದ್ದು ಆಗಲೇ. ನಲವತ್ತು ಪುಟದ ಷರತ್ತು, ಅಕ್ಷರಗಳು ಇರುವೆ ಸಾಲಿನ ಹಾಗೆ, ಕೊನೆಗೊಂದು ಚೌಕ: ನಾನು ಇದೆಲ್ಲವನ್ನೂ ಓದಿ, ಅರ್ಥಮಾಡಿಕೊಂಡು, ಒಪ್ಪಿದ್ದೇನೆ. ಒಪ್ಪಲು ನೀವು ತೆಗೆದುಕೊಂಡ ಹೊತ್ತೂ ಆ ಯಂತ್ರಗಳಲ್ಲಿ ದಾಖಲಾಗಿದೆ. ಎರಡು ಸೆಕೆಂಡು! ನಾಚಿಕೆ ಅನ್ನುವುದು ಎಲ್ಲಿಗೆ ಹೋಗಿತ್ತು? ತರಕಾರಿಯವಳ ಹತ್ತಿರ ಒಂದು ಸೌತೇಕಾಯಿ ಕೊಳ್ಳಲು ತುದಿ ಮುರಿದು ಕಹಿ ನೋಡುತ್ತಿದ್ದವರು, ಮಗಳ ಓದಿನ ದುಡ್ಡನ್ನು ಎರಡು ಸೆಕೆಂಡಿನಲ್ಲಿ ಕೊಟ್ಟು ಬಿಡುತ್ತಿದ್ದಿರಿ. ನಿಮ್ಮ ಜಾಹೀರಾತುಗಳನ್ನೂ ಕೇಳಿಸಿದರು. ಅರ್ಧ ನಿಮಿಷ ನಗು, ಹಾಡು, ಸಮುದ್ರದಂಡೆ. ಕೊನೆಗೆ ಒಬ್ಬನು ಕಳ್ಳನನ್ನು ಅಟ್ಟಿಸಿಕೊಂಡು ಹೋಗುವವನಂತೆ ಒಂದೇ ಉಸಿರಿನಲ್ಲಿ, ಹೂಡಿಕೆಯು ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿದೆ ಎಂದು ಓದುತ್ತಾನೆ. ಎಚ್ಚರಿಕೆ ಕೊಟ್ಟ ಹಾಗೂ ಆಗಬೇಕು, ಯಾರಿಗೂ ಕೇಳಿಸಬಾರದು. ಥೂ! ಅದನ್ನು ಹಾಗೆ ಓದಿ ಎಂದು ಹೇಳಿಕೊಟ್ಟವನೊಬ್ಬ ಇದ್ದಿರಬೇಕಲ್ಲ, ಅವನು ಮನೆಗೆ ಹೋಗಿ ನೆಮ್ಮದಿಯಾಗಿ ಉಂಡಿರಬೇಕಲ್ಲ!

ಇನ್ನು ತಿಳಿದವರು ಎನಿಸಿಕೊಂಡವರ ಕಥೆ. ಉಳಿಸುವುದು, ಹೂಡುವುದು, ಟ್ರೇಡಿಂಗ್ ಮಾಡುವುದು, ಈ ಮೂರಕ್ಕೂ ನೀವು ಒಂದೇ ಬಾಯಿಯಲ್ಲಿ "ಇನ್ವೆಸ್ಟ್ ಮಾಡಿದೀನಿ" ಅಂದುಬಿಡುತ್ತಿದ್ದಿರಿ. ನಮ್ಮಲ್ಲಿ ಏಳು ವರ್ಷದ ಮಗುವಿಗೂ ಬೇರೆ ಬೇರೆ ಗೊತ್ತು. ನಾಳೆ ಬೇಕಾದದ್ದನ್ನು ಇಡುತ್ತೇವೆ. ಹತ್ತು ವರ್ಷದ ಮೇಲೆ ಬೇಕಾದದ್ದನ್ನು ಬಿತ್ತುತ್ತೇವೆ. ಹೋದರೂ ಉಪವಾಸ ಬೀಳುವುದಿಲ್ಲ ಅನ್ನುವಷ್ಟನ್ನು, ಚಟ ಇದ್ದವರು, ಎಸೆದು ಹಿಡಿಯುತ್ತಾರೆ. ನಿಮ್ಮ ಪಂಡಿತರನ್ನು ಲಿಕ್ವಿಡಿಟಿ ಎಂದರೇನು ಎಂದು ಕೇಳಿದರೆ ಅದನ್ನು ಇನ್ನು ಮೂರು ಅಂಥದ್ದೇ ಪದಗಳಿಂದ ಮುಚ್ಚುತ್ತಿದ್ದರು. ನನ್ನ ದುಡ್ಡು ನಾನು ಬೇಡಿದ ದಿನ ಬರುತ್ತದೋ, ಅವರು ಕೊಟ್ಟ ದಿನ ಬರುತ್ತದೋ? ಇಷ್ಟೇ ಅದು. ಇಷ್ಟನ್ನು ಹೇಳಿದರೆ ಅವರ ಕುರ್ಚಿಗೆ ಮರ್ಯಾದೆ ಉಳಿಯುತ್ತಿರಲಿಲ್ಲ ಎಂದು ಕಾಣುತ್ತದೆ.

ಹೀಗೆ ನಿಮ್ಮನ್ನು ನೋಡಿ ಮೂಗು ಮುಚ್ಚಿಕೊಂಡವಳು ನಾನು. ಈಗ ನನ್ನದೇ ಕಥೆ ಕೇಳಿ.

ನಮ್ಮ ಮನೆಗೂ ತುಂಗವ್ವ ಬಾರಕೇರ ಎಂಬವಳ ಮನೆಗೂ ನಡುವೆ ಒಂದೇ ಗೋಡೆ. ಅವಳಿಗೆ ಐವತ್ತೆಂಟು. ಗುಡ್ಡದ ಗಾಳಿಕಂಬಗಳ ರೆಕ್ಕೆಗೆ ತೇಪೆ ಹಾಕುವುದು ಅವಳ ಕೆಲಸ, ಮೂವತ್ತಾರು ವರ್ಷದಿಂದ. ನಮ್ಮ ನೀರು, ನೆರಳು, ಒಲೆ ಎಲ್ಲ ಆ ಕಂಬಗಳಿಂದ. ಊರ ಓಣಿಗಳ ಮೇಲೆ ಹಾಸಿದ ಬಿಳಿ ಚಪ್ಪರ ತಂಪಾಗಿರುವುದೂ ಅವುಗಳಿಂದ, ಮನೆಗೆ ದಿನಕ್ಕೆ ಹನ್ನೊಂದು ಕೊಡ ನೀರು ಏರುವುದೂ ಅವುಗಳಿಂದ. ಮರಳು ಹೊಡೆದು ಹೊಡೆದು ರೆಕ್ಕೆಯ ಅಂಚು ಬಿರಿಯುತ್ತದೆ. ಗಾಳಿ ನಿಂತ ದಿನ ತೇಪೆಗಾರರು ನಸುಕಿನಲ್ಲೇ ಏಣಿ ಹತ್ತಿ, ಸೊಂಟಕ್ಕೆ ಪಟ್ಟಿ ಬಿಗಿದು, ರೆಕ್ಕೆಗೆ ಜೋತುಬಿದ್ದು ಅಂಟು ತುಂಬುತ್ತಾರೆ. ಗಾಳಿ ನಿಲ್ಲುವುದು ಹೆಚ್ಚಾಗಿ ಒಳತಿಂಗಳಿನಲ್ಲಿ. ಹಾಗಾಗಿ ಊರೆಲ್ಲ ಒಳಗೆ ಮಲಗಿರುವ ಐದು ವಾರದಲ್ಲೇ ಅವರಿಗೆ ಕೆಲಸ. ತುಂಗವ್ವನ ಬಲಗೈಯ ಎರಡು ಬೆರಳಿಗೆ ಈಗ ಸ್ಪರ್ಶವಿಲ್ಲ, ಕೊಕ್ಕೆ ಸಿಕ್ಕಿತೋ ಇಲ್ಲವೋ ಎಂದು ಕಣ್ಣಿಂದ ನೋಡಿಯೇ ತಿಳಿಯಬೇಕು. ಅವಳಿಗೆ ಇದ್ದದ್ದು ಒಂದೇ ಆಸೆ, ಇಳಿಯುವುದು. ಇನ್ನು ಹತ್ತುವುದಿಲ್ಲ ಎಂದು ಪಟ್ಟಿಯನ್ನು ಗೋಡೆಯ ಮೊಳೆಗೆ ತೂಗುಹಾಕುವುದಕ್ಕೆ ನಮ್ಮಲ್ಲಿ ಇಳಿಕೆ ಎನ್ನುತ್ತಾರೆ.

ಇಳಿಕೆಗೆ ಏಳು ಸಾವಿರ ವರಹ ಬೇಕೆಂದು ಅವಳ ಎಣಿಕೆ. ಒಂದು ವರಹಕ್ಕೆ ಒಬ್ಬರ ಒಂದು ದಿನದ ಊಟ, ನೀರು, ನೆರಳು. ಅವಳ ಹತ್ತಿರ ಆರು ಸಾವಿರ ಇತ್ತು, ಅಂದರೆ ಹದಿನಾರು ವರ್ಷದ ಬದುಕು. ಇನ್ನೆರಡು ವರ್ಷ ಹತ್ತಿದ್ದರೆ ಸಾಕಿತ್ತು. ಅಷ್ಟರಲ್ಲಿ ಅಕ್ಷಯಮಾರುತ ಕೂಟ ಎಂಬ ಹೆಸರಿನವರು ಓಣಿಗೆ ಬಂದರು. ಅವರು ಮಾರುತ್ತಿದ್ದದ್ದು ಗಾಳಿಮುಂಗಡ. ಬರುವ ತಿಂಗಳ ಗಾಳಿಯ ಫಸಲನ್ನು ಇವತ್ತಿನ ಬೆಲೆಗೆ ಹಿಡಿಯುವುದು, ಬೆಲೆ ಏರಿದರೆ ಮಾರುವುದು. ಗಾಳಿ ಬೀಸಿದಷ್ಟೂ ಅದಕ್ಕೆ ಬೆಲೆ. ಆರು ಸಾವಿರ ಒತ್ತೆ ಇಟ್ಟರೆ ಅರವತ್ತು ಸಾವಿರದ ಗಾಳಿ ನಿಮ್ಮ ಹೆಸರಿಗೆ. ಅದೇ ನಿಮ್ಮ ಮಾರ್ಜಿನ್. ಬೆಲೆ ಹತ್ತರಲ್ಲಿ ಒಂದು ಪಾಲು ಏರಿದರೆ ಆರು ಸಾವಿರ ಹನ್ನೆರಡಾಗುತ್ತದೆ. ಹತ್ತರಲ್ಲಿ ಒಂದು ಪಾಲು ಇಳಿದರೆ ಆರು ಸಾವಿರವೂ ಮಂಗಮಾಯ. ಈ ಕೊನೆಯ ಮಾತನ್ನೂ ಅವರು ಹೇಳಿದರು, ಸುಳ್ಳು ಹೇಳಲಿಲ್ಲ. ಹೇಳುವ ರೀತಿಯಲ್ಲಿ ಹೇಳಿದರು, ಅಷ್ಟೆ.

ಜೊತೆಗೆ ಅಡಿವೆಪ್ಪ ಮಾಸ್ತರನನ್ನು ಕಳಿಸಿದರು. ಇವನು ಬಾಯಿಪಾಠದ ಮಾಸ್ತರ. ತಿಳಿಮನೆಯಲ್ಲಿ ಏನು ಹೇಳಬೇಕೋ ಅದನ್ನು ಜನಕ್ಕೆ ಉರುಹೊಡೆಸುವುದೇ ಅವನ ಹೊಟ್ಟೆಪಾಡು. ಇಂಥವರು ಈಗ ಊರೂರಿಗೂ ಇದ್ದಾರೆ. ತಿಳಿದು ಹೇಳಲಿ ಎಂದು ನಾವು ಮನೆ ಕಟ್ಟಿದರೆ, ತಿಳಿಯದೆ ಹೇಳುವುದನ್ನು ಕಲಿಸುವ ಮನೆ ಅದರ ಎದುರಿಗೇ ಎದ್ದಿತು. ಹನ್ನೊಂದು ದಿನ, ಫುಕಟ್ಟು. ಗೋಡೆಯಾಚೆ ಅವಳು ಗುನುಗುವುದು ನನಗೆ ಕೇಳಿಸುತ್ತಿತ್ತು. ದೇವರ ನಾಮ ಇರಬೇಕೆಂದುಕೊಂಡೆ.

ಬಾಯೊಪ್ಪಿಗೆಯ ದಿನ ಅವಳು ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಕೂತಳು, ಕಣ್ಣು ಮುಚ್ಚಿದಳು, ಶುರುಮಾಡಿದಳು: "ಮಾರ್ಜಿನ್ ಎಂದರೆ ವ್ಯವಹಾರದ ಒಟ್ಟು ಮೌಲ್ಯದ ಒಂದು ಅಂಶವನ್ನು ಭದ್ರತೆಯಾಗಿ ಇರಿಸಿ, ಉಳಿದ ಅಂಶವನ್ನು ಮಧ್ಯವರ್ತಿಯಿಂದ ಪಡೆಯುವ ಸೌಲಭ್ಯ. ಸ್ಟಾಪ್ ಲಾಸ್ ಎಂದರೆ ನಷ್ಟವು ನಿಗದಿತ ಮಿತಿಯನ್ನು ತಲುಪಿದಾಗ ವ್ಯವಹಾರವನ್ನು ತಾನಾಗಿಯೇ ಮುಕ್ತಾಯಗೊಳಿಸುವ ಆದೇಶ." ನೀರು ಕುಡಿದ ಹಾಗೆ ಹೇಳಿದಳು. ಒಂದು ತಡೆ ಇಲ್ಲ, ಒಂದು ಕೆಮ್ಮು ಇಲ್ಲ. ನನ್ನನ್ನು ಎತ್ತಿ ಆಡಿಸಿದ ತುಂಗವ್ವ, ಅಂಗಡಿಯ ಹೆಸರನ್ನೂ ಒಬ್ಬರಿಂದ ಓದಿಸಿಕೊಳ್ಳುವ ತುಂಗವ್ವ, ಪಂಡಿತರ ಹಾಗೆ ಮಾತಾಡುತ್ತಿದ್ದಳು. ಆ ಸ್ಟಾಪ್ ಲಾಸನ್ನು ಕರಾರಿನಲ್ಲಿ ಹಾಕಿದ್ದಾರೆಯೇ ಎಂದು ಅವಳೂ ನೋಡಿರಲಿಲ್ಲ, ನಾನೂ ನೋಡಲಿಲ್ಲ. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತ್ತು. ಪಕ್ಕದಲ್ಲಿದ್ದ ಕೇಳುಗ "ಮರುಕೇಳು?" ಎಂದು ನನ್ನ ಕಡೆ ನೋಡಿದ. ನಾನು, ಇಷ್ಟು ಚೆನ್ನಾಗಿ ಹೇಳಿದವಳಿಗೆ ಇನ್ನೇನು ಕೇಳುವುದು, ಕೇಳಿದರೆ ಅವಮಾನವಲ್ಲವೇ, ಎಂದು ಮುದ್ರೆ ಒತ್ತಿದೆ.

ಒಂದೇ ಒಂದು ಪ್ರಶ್ನೆ ಸಾಕಿತ್ತು. ಗಾಳಿ ನಿಂತರೆ ನಿನ್ನ ದುಡ್ಡು ಏನಾಗುತ್ತದೆ, ತುಂಗವ್ವ? ಈ ಗುಡ್ಡದ ಗಾಳಿ ಯಾವ ವಾರ ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂದು ಅವಳಷ್ಟು ಬಲ್ಲವರು ಈ ಸೀಮೆಯಲ್ಲೇ ಇಲ್ಲ. ಕೇಳಿದ್ದರೆ ಆ ಕ್ಷಣವೇ ಕಣ್ಣು ಬಿಟ್ಟು, ಸೆರಗು ಕೊಡವಿ ಎದ್ದು ಮನೆಗೆ ಹೋಗುತ್ತಿದ್ದಳು.

ಈ ಒಳತಿಂಗಳ ನಾಲ್ಕನೆಯ ದಿನ ಗಾಳಿ ನಿಂತಿತು. ಒಂಬತ್ತು ದಿನ ಒಂದು ಎಲೆ ಅಲುಗಲಿಲ್ಲ. ತುಂಗವ್ವನಿಗೆ ಸಂತೋಷವೋ ಸಂತೋಷ. ಇದೇ ನನ್ನ ಕೊನೆಯ ಒಳತಿಂಗಳು ಎಂದು ಓಣಿಯ ತುಂಬ ಹೇಳಿಕೊಂಡು, ದಿನವೂ ನಸುಕಿಗೆ ಎದ್ದು, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದಳು. "ಎಂಥಾ ಛಲೋ ಹವಾ ಐತಿ ನಿಂಬೀ, ದೇವರ ಕಳಿಸ್ಯಾನ" ಎಂದು ಗೋಡೆಯ ಕಿಂಡಿಯಲ್ಲಿ ಕೂಗಿದಳು. ಅವಳು ಮೇಲೆ ರೆಕ್ಕೆಗೆ ಅಂಟು ಮೆತ್ತುತ್ತಿದ್ದಾಗ ಕೆಳಗೆ ಗಾಳಿಮುಂಗಡದ ಬೆಲೆ ಜಾರುತ್ತಿತ್ತು. ಏಳನೆಯ ದಿನಕ್ಕೆ ಹತ್ತರಲ್ಲಿ ಒಂದು ಪಾಲು ಇಳಿಯಿತು. ಹದಿನಾರು ವರ್ಷದ ಬದುಕು ಹೋಯಿತು. ಅವಳು ಮಾತ್ರ ಇನ್ನೂ ಎರಡು ದಿನ ಆ ಹವೆಯನ್ನು ಹೊಗಳಿ, ಪಟ್ಟಿಯನ್ನು ಮೊಳೆಗೆ ತೂಗುಹಾಕಿಯೂ ಬಿಟ್ಟಳು.

ಚಪ್ಪರದ ನೆರಳು ಹಿಡಿದು ನ್ಯಾಯದ ಕಟ್ಟೆಗೆ ಹೋದೆವು. ತಿಳಿಮನೆಯಲ್ಲಿ ಪ್ರತಿ ಮಾತೂ ದಾಖಲಾಗುತ್ತದೆ. ಅವಳ ದನಿಯನ್ನು ಅವಳಿಗೇ ಕೇಳಿಸಿದರು. ಒಂದಕ್ಷರ ತಪ್ಪಿರಲಿಲ್ಲ. ನ್ಯಾಯಗಾರ ನನ್ನ ಮುದ್ರೆಯನ್ನು ತೋರಿಸಿ, ಮರುಕೇಳು ಬೇಡವೆಂದು ಹಿರಿಯ ಕೇಳುಗಿತ್ತಿಯೇ ಬಿಟ್ಟಿದ್ದಾಳಲ್ಲ, ಇನ್ನೇನು ಎಂದ. ಕೂಟದವರು ಶಾಂತವಾಗಿ ನಿಂತಿದ್ದರು. ಅಡಿವೆಪ್ಪ ಮಾಸ್ತರ ಹೊರಗೆ ಬಂದು "ಭಾಳ ಛಂದ ಹೇಳಿದ್ಳರೀ ನಮ್ಮ ತುಂಗವ್ವ" ಎಂದು ನನ್ನ ಮುಂದೆಯೇ ಅಂದ. ಅವನ ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ಅದೇ ಮಾತನ್ನು ನಾನೂ ಮನಸ್ಸಿನಲ್ಲಿ ಅಂದುಕೊಂಡಿದ್ದೆನಲ್ಲ, ಉಗುಳು ನುಂಗಿಕೊಂಡೆ. ನನ್ನ ಗಂಟಿನಲ್ಲಿ ಅರ್ಧ ನಿನಗೆ ಎಂದರೆ ತುಂಗವ್ವ ಕೈಯಾಡಿಸಿಬಿಟ್ಟಳು. "ನಿನ್ನ ರೊಕ್ಕ ನೀ ಇಟ್ಕೋ. ನಾಳೆ ಮುದಿ ಆದ್ಮ್ಯಾಲ ನಿನಗರೆ ಯಾರ ಅದಾರ?"

ಶಿಕ್ಷೆಯ ಕಾಗದ ಬರೆದೆ. ಇದಲ್ಲ, ಇದಕ್ಕೆ ಮೊದಲಿನದು. ನಿಮ್ಮನ್ನು ಹಿಗ್ಗಾಮುಗ್ಗ ಬೈದು ಆರು ಹಾಳೆ ಬರೆದಿದ್ದೆ. ಎಂಥ ಭಾಷೆ, ಎಂಥ ವಾಕ್ಯಗಳು! ಅವಳ ಮನೆಗೆ ಹೋಗಿ ಗಟ್ಟಿಯಾಗಿ ಓದಿದೆ. ಅವಳು ಮೊಳೆಯಿಂದ ಇಳಿಸಿದ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ಹೊಲಿಗೆಯ ಮೇಲೆ ಹೊಸ ಹೊಲಿಗೆ ಹಾಕುತ್ತಿದ್ದಳು. ಸೂಜಿಯನ್ನು ಎಡಗೈಯಲ್ಲಿ ಹಿಡಿದಿದ್ದಳು. ಓದಿ ಮುಗಿಸಿದೆ. ಅವಳು ದಾರ ಹಲ್ಲಿನಿಂದ ಕಡಿದು ಹೇಳಿದಳು: "ಭಾಳ ಛಂದ ಓದಿದಿ. ಈಗ ಆ ಕಾಗದ ಕೆಳಗಿಟ್ಟು, ಏನಾತು ಅಂತ ನಿನ್ನ ಬಾಯಿಲೆ ಹೇಳು."

ಕಾಗದ ಕೆಳಗಿಟ್ಟೆ. ನಿಮ್ಮ ಹೆಸರು ಹೇಳಿದೆ, ಅಡಿವೆಪ್ಪನ ಹೆಸರು ಹೇಳಿದೆ. ಅವಳು ತಲೆಯಲ್ಲಾಡಿಸುತ್ತಲೇ ಇದ್ದಳು. ಹದಿನಾಲ್ಕು ವರ್ಷ ಅಲ್ಲಿ ಕೂತು ಎಷ್ಟು ಜನರನ್ನು ತಡವರಿಸುವಂತೆ ಮಾಡಿದ್ದೆನೋ, ಅಷ್ಟೂ ತಡವರಿಕೆ ನನ್ನ ನಾಲಗೆಗೆ ಬಂತು. ಕೊನೆಗೆ ಅಂದೆ: "ನೀ ಹೇಳಿದ್ದು ನನಗ ಛಂದ ಕಂಡ್ತವ್ವಾ. ತಿಳೀತೋ ಇಲ್ಲೋ ಅಂತ... ನಾ ಕೇಳಲಿಲ್ಲ. ಕೇಳಬೇಕಾಗಿತ್ತು. ಕೇಳಿದ್ರ ಇನ್ನೆರಡು ವರ್ಷಕ್ಕ ನೀ ಇಳೀತಿದ್ದಿ."

"ಹಾಂ," ಅಂದಳು. "ಹಂಗ ಬರಿ."

ಅದಕ್ಕೇ ಈ ಎರಡನೆಯ ಕಾಗದ. ನಿಮ್ಮ ಮೇಲಿನ ಹೇಸಿಗೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ನೀವು ಓದದೆ ಒತ್ತಿದಿರಿ, ನಾನು ಕೇಳಿಯೂ ಕೇಳದೆ ಒತ್ತಿದೆ. ಇಬ್ಬರಲ್ಲಿ ಹೆಚ್ಚು ಹೊಲಸು ಯಾರೆಂದು ನನಗೆ ಈಗ ಗೊತ್ತಿದೆ, ಕನ್ನಡಿ ನೋಡುವುದನ್ನು ಬಿಟ್ಟಿದ್ದೇನೆ.

ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ ಒಂದೇ ಕೋರಿಕೆ. ದುಡ್ಡು ಹಾಕುವ ಮುಂಚೆ, ನಿಮ್ಮ ಮನೆಯಲ್ಲಿ ಇದರ ಗಂಧಗಾಳಿ ಇಲ್ಲದವರು ಯಾರಾದರೂ ಇದ್ದರೆ ಅವರ ಎದುರು ಕೂತು, ಏನು ಮಾಡುತ್ತಿದ್ದೇನೆ ಎಂದು ಹೇಳಿ. ಅವರು ಮಧ್ಯೆ ಬಾಯಿ ಹಾಕಲಿ. ನೀವು ತಡವರಿಸಿ. ತಡವರಿಸದೆ ಹೇಳಿಬಿಟ್ಟರೆ ಆ ದಿನ ದುಡ್ಡು ಹಾಕಬೇಡಿ. ಮತ್ತು ಬೇರೆಯವರು ನಿಮ್ಮ ಮುಂದೆ ಕೂತು ಚೆಂದವಾಗಿ ಹೇಳಿದರೆ, ದಯವಿಟ್ಟು, ಅವಮಾನವಾದರೂ ಆಗಲಿ, ಇನ್ನೊಂದು ಮಾತು ಕೇಳಿ.

ಇದನ್ನು ಅವಳಿಗೆ ಇನ್ನೂ ಓದಿ ತೋರಿಸಿಲ್ಲ. ಸಂಜೆ ಓದಬೇಕು. ಬೆಳಿಗ್ಗೆಯಿಂದ ಗಾಳಿ ನಿಂತಿದೆ. ನನ್ನ ಕಿಟಕಿಗೆ ಮೂರನೆಯ ಕಂಬ ಕಾಣುತ್ತದೆ, ಅದರ ಏಣಿಯ ಅರ್ಧಕ್ಕೆ ತುಂಗವ್ವ ಕಾಣುತ್ತಾಳೆ. ಪ್ರತಿ ಮೆಟ್ಟಿಲಿಗೂ ನಿಂತು, ಕೊಕ್ಕೆ ಸಿಕ್ಕಿದೆಯೇ ಎಂದು ಬಗ್ಗಿ ನೋಡಿ, ಮತ್ತೆ ಹತ್ತುತ್ತಿದ್ದಾಳೆ.

ನಿಂಬೆವ್ವ ಪತ್ತಾರ